ಲಿಯಾದಿಯ ಶ್ನೇಯೂರ್ ಜಲ್ಮಾನ್: 'ತಾನ್ಯಾ' ಬರೆದವರು ಕಾನೂನಿನಲ್ಲಿ ಏನು ಮಾಡಿದರು?

ಹೊಳೆಸಾಲು
ಮುಂಬೈನ ನಾರಿಮನ್ ಹೌಸ್ ನೆನಪಿರುವವರಿಗೆಲ್ಲ ಛಬಾದ್ ಎಂಬ ಯಹೂದಿ ಪಂಥದ ಹೆಸರು ಗೊತ್ತು. ಆ ಪಂಥ ಶುರುವಾದದ್ದು ಶ್ನೇಯೂರ್ ಜಲ್ಮಾನ್ ಅವರಿಂದ ಎನ್ನುವುದೂ, ಅವರ 'ತಾನ್ಯಾ' ದೊಡ್ಡ ಆಧ್ಯಾತ್ಮಿಕ ಗ್ರಂಥ ಎನ್ನುವುದೂ ಗೊತ್ತು. ಆದರೆ ಹಲಾಖಾ, ಅಂದರೆ ಯಹೂದಿ ಆಚಾರ-ವ್ಯವಹಾರದ ಕಾನೂನು, ಓದುವವರು ಅವರನ್ನು ಬೇರೆಯೇ ಕಾರಣಕ್ಕೆ ಗೌರವಿಸುತ್ತಾರಂತೆ. ಹಸೀದಿಗಳಲ್ಲದವರೂ (ಛಬಾದ್ ಸೇರಿದ ಯಹೂದಿ ಭಕ್ತಿಪಂಥದವರೇ ಹಸೀದಿಗಳು) ಅವರ ಮಾತನ್ನು ಆಧಾರವಾಗಿ ಹಿಡಿಯುತ್ತಾರಂತೆ. ಅದು ಯಾಕೆ? ಬಲ್ಲವರು ಉದಾಹರಣೆ ಸಮೇತ ಬಿಡಿಸಿ ಹೇಳಬೇಕು.

ತಾಳೆಗರಿ
ಮೊದಲು ಹಿನ್ನೆಲೆ. ಹುಟ್ಟಿದ್ದು 1745ರಲ್ಲಿ, ಲಿಯೋಜ್ನಾದಲ್ಲಿ. ಇವತ್ತಿನ ಬೆಲಾರೂಸ್, ಆಗ ಪೋಲೆಂಡ್-ಲಿಥುವೇನಿಯಾ. ಯೌವನದಲ್ಲಿ ಮೆಜೆರಿಚ್‌ಗೆ ಹೋಗಿ ದೋವ್ ಬೇರ್ ಅವರ ಶಿಷ್ಯರಾದರು. ಈ ದೋವ್ ಬೇರ್ ಅವರನ್ನೇ 'ಮಗ್ಗಿದ್' ಎಂದು ಕರೆಯುವುದು. ಕಾನೂನು ಸಂಹಿತೆಯೊಂದನ್ನು ಹೊಸದಾಗಿ ಬರೆ ಎಂದು ಹೇಳಿದವರೂ ಆ ಗುರುವೇ.

ಹೊಸದಾಗಿ ಯಾಕೆ ಬೇಕಿತ್ತು ಎಂದರೆ, ಯೋಸೆಫ್ ಕಾರೊ ಅವರ 'ಶುಲ್ಹಾನ್ ಆರುಖ್' ಎಂಬ ಸಂಹಿತೆ 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾಗಿತ್ತು. ಅದರಲ್ಲಿ ವಿಧಿ ಇದೆ, ಕಾರಣ ಇಲ್ಲ. ಅದರ ಮೇಲೆ ಪೋಲೆಂಡಿನ ಮೋಶೆ ಇಸ್ಸರ್ಲೆಸ್ ಟಿಪ್ಪಣಿ ಸೇರಿಸಿದರು. ಆಮೇಲೆ ಇನ್ನೂರು ವರ್ಷ ವ್ಯಾಖ್ಯಾನದ ಮೇಲೆ ವ್ಯಾಖ್ಯಾನ ಬೆಳೆಯಿತು. ಒಂದು ವಿಧಿ ತಿಳಿಯಬೇಕಾದರೆ ಮೂಲ, ಟಿಪ್ಪಣಿ, 'ಮಾಗೆನ್ ಅವ್ರಹಾಮ್'ನಂಥ ವ್ಯಾಖ್ಯಾನ, ಅದಕ್ಕೆ ಬಂದ ಆಕ್ಷೇಪ, ಎಲ್ಲ ತಿರುವಿ ಹಾಕಬೇಕು. ಶ್ನೇಯೂರ್ ಜಲ್ಮಾನ್ ಇದನ್ನೆಲ್ಲ ಅರೆದು, ಒಂದೇ ಓಟದ ಸ್ವಚ್ಛ ಹೀಬ್ರೂವಿನಲ್ಲಿ, ವಿಧಿಯ ಪಕ್ಕದಲ್ಲೇ ಅದರ ಕಾರಣ ಇಟ್ಟು ಬರೆದರು. ಕಾರಣ ಗೊತ್ತಿದ್ದರೆ ಪುಸ್ತಕದಲ್ಲಿಲ್ಲದ ಸಂದರ್ಭ ಎದುರಾದಾಗಲೂ ನಿರ್ಣಯಕ್ಕೆ ದಾರಿ ಸಿಗುತ್ತದೆ. ವಾದದ ಸಿಕ್ಕು ಬಿಡಿಸುವ ಭಾಗವನ್ನು ಬೇರೆ ಮಾಡಿ 'ಕುಂತ್ರೆಸ್ ಅಹರೋನ್' ಎಂಬ ಟಿಪ್ಪಣಿಯಲ್ಲಿಟ್ಟರು. ನನ್ನ ದೃಷ್ಟಿಯಲ್ಲಿ ಅವರ ನಿಜವಾದ ಪಾಂಡಿತ್ಯ ಕಾಣುವುದು ಅಲ್ಲಿ.

ಆ ಸಂಹಿತೆ ಅವರ ಕಾಲದಲ್ಲೇ ಪ್ರಕಟವಾಗಿ ಮನೆಮಾತಾಯಿತು.

ಕಲ್ಲುಬಾಗಿಲು
ಕೊನೆಯ ಸಾಲು ತಿದ್ದಬೇಕು. ಅವರು ಬದುಕಿದ್ದಾಗ ಅಚ್ಚಾದದ್ದು ಒಂದು ಸಣ್ಣ ಭಾಗ ಮಾತ್ರ: ಅಧ್ಯಯನದ ನಿಯಮಗಳು, 1794ರಲ್ಲಿ ಶ್ಕ್ಲೋವ್‌ನಲ್ಲಿ, ಅದೂ ಲೇಖಕರ ಹೆಸರಿಲ್ಲದೆ. ಉಳಿದದ್ದನ್ನು ಅವರು ತೀರಿಕೊಂಡ ಮೇಲೆ ಮಕ್ಕಳು 1814ರಿಂದ ಅಚ್ಚು ಹಾಕಿಸಿದರು. ಅಷ್ಟರಲ್ಲಿ ಹಸ್ತಪ್ರತಿಗಳ ದೊಡ್ಡ ಪಾಲು ಬೆಂಕಿಗೆ ಹೋಗಿತ್ತು. ಕಾರೊ ಅವರ ನಾಲ್ಕು ವಿಭಾಗಗಳಲ್ಲಿ ನಿತ್ಯಾಚಾರ, ಶಬ್ಬಾತ್ (ವಾರದ ವಿಶ್ರಾಂತಿ ದಿನ), ಹಬ್ಬಗಳ 'ಓರಖ್ ಹಾಯಿಂ' ಬಹುಪಾಲು ಉಳಿಯಿತು. 'ಯೋರೆ ದೇಆ' ಮತ್ತು 'ಹೋಶೆನ್ ಮಿಶ್ಪಾತ್'ಗಳಿಂದ ಕೆಲವು ಪ್ರಕರಣಗಳಷ್ಟೇ ಸಿಕ್ಕಿವೆ. ವಿವಾಹ-ವಿಚ್ಛೇದನದ ನಾಲ್ಕನೆಯ ವಿಭಾಗ ಸಿಕ್ಕಿಲ್ಲ, ಹಾಗಾಗಿ ಅದಕ್ಕೆ ಈ ಪುಸ್ತಕ ಹುಡುಕಿದರೆ ಪ್ರಯೋಜನವಿಲ್ಲ.

ಇನ್ನೊಂದು ಗಮನಿಸಿ. ಮೊದಲ ನಾಲ್ಕು ಪ್ರಕರಣಗಳಿಗೆ ಎರಡು ಪಾಠಗಳಿವೆ. ಎರಡನೆಯದು ಅವರೇ ಮತ್ತೆ ಕೂತು ಬರೆದದ್ದು. ಬರೆದುದನ್ನು ತಿದ್ದುತ್ತಲೇ ಹೋದ ಮನುಷ್ಯ. ಈ ಎಳೆ ಮುಂದೆ ದೊಡ್ಡದಾಗುತ್ತದೆ.

ಹೊಳೆಸಾಲು
ಕಾರಣ ಪಕ್ಕದಲ್ಲಿಡುವುದರಿಂದ ಆಚರಣೆಯಲ್ಲಿ ಏನು ವ್ಯತ್ಯಾಸ?

ಗೋಧಿತೆನೆ
ಮಟ್ಸಾ, ಅಂದರೆ ಹುಳಿ ಬರಿಸದ ರೊಟ್ಟಿಯ, ವಿಚಾರ ತೆಗೆದುಕೊಳ್ಳಿ. ಪೆಸಖ್ ಹಬ್ಬದಲ್ಲಿ ಹುಳಿಬಂದ ಧಾನ್ಯ, ಅಂದರೆ ಹಮೇಟ್ಸ್, ತಿನ್ನುವಂತಿಲ್ಲ. ಗೋಧಿಹಿಟ್ಟಿಗೆ ನೀರು ಬಿದ್ದು ಕೈಯಾಡದೆ 18 ನಿಮಿಷ ಕಳೆದರೆ ಹುಳಿ ಎಂದು ಲೆಕ್ಕ. ಬೆಂದ ಮಟ್ಸಾ ಮತ್ತೆ ಹುಳಿಯುವುದಿಲ್ಲ. ಆದ್ದರಿಂದ ಮೂಲ ಕಾನೂನಿನ ಪ್ರಕಾರ ಅದನ್ನು ಸಾರಿನಲ್ಲಿ ನೆನೆಸಿ ತಿನ್ನಬಹುದು.

ಆದರೆ ಹಸೀದಿಗಳು ನೆನೆಸುವುದಿಲ್ಲ. ಹಿಂದಿನವರು ತಿನ್ನಲು ಬಿಟ್ಟದ್ದನ್ನು ನೀವು ಯಾಕೆ ಕಟ್ಟಿಹಾಕುತ್ತೀರಿ ಎಂಬ ಪ್ರಶ್ನೆಗೆ ಶ್ನೇಯೂರ್ ಜಲ್ಮಾನ್ ಬರೆದ ಉತ್ತರ ಉಳಿದಿದೆ. ಅದರಲ್ಲಿ ಭಕ್ತಿಯ ಮಾತಿಗಿಂತ ಹಿಟ್ಟಿನ ಹರಿವಾಣದ ಮಾತೇ ಹೆಚ್ಚು. ಹಿಂದೆ ಹಿಟ್ಟನ್ನು ನಿಧಾನವಾಗಿ, ಚೆನ್ನಾಗಿ ನಾದುತ್ತಿದ್ದರು. ಅವರು ಬರೆಯುವ ಹೊತ್ತಿಗೆ ಇಪ್ಪತ್ತು ಚಿಲ್ಲರೆ ವರ್ಷಗಳಿಂದ ಹುಳಿಯ ಭಯಕ್ಕೆ ಅವಸರ ಅವಸರವಾಗಿ ನಾದುವ ರೂಢಿ ಬಂದಿದೆ. ಕಣಕ ಗಟ್ಟಿ, ನಾದುವುದು ಸಾಲದು. ಆದ್ದರಿಂದ ಒಣಹಿಟ್ಟು ಒಳಗೇ ಉಳಿಯುತ್ತದೆ. ಬೆಂದ ಮಟ್ಸಾದ ಮೇಲೂ ಹಿಟ್ಟು ಕಣ್ಣಿಗೆ ಕಾಣುತ್ತದೆ. ಆ ಹಿಟ್ಟು ಒಲೆಯಲ್ಲಿ ಹುಳಿಯುವ ಶಕ್ತಿ ಕಳೆದುಕೊಳ್ಳುವಷ್ಟು ಹುರಿದಿರುವುದಿಲ್ಲ. ನೀರು ತಾಗಿದರೆ ಹುಳಿಬರಬಹುದು.

ಅಂದರೆ ಒಂದು ಎಚ್ಚರಿಕೆಯೇ ಇನ್ನೊಂದು ಅಪಾಯ ತಂದಿದೆ. ಕಾನೂನು ಬದಲಾಗಿಲ್ಲ, ನಾದುವ ಕೈ ಬದಲಾಗಿದೆ. ಕಾರಣ ಹೀಗೆ ಖಚಿತವಾಗಿರುವುದರಿಂದ ತೀರ್ಪಿನ ಅಳತೆಯೂ ಖಚಿತ: ಬಿಗಿ ಹಿಡಿಯುವವರಿಗೆ ಒಳ್ಳೆಯದಾಗಲಿ, ಆದರೆ ನೆನೆಸಿ ತಿನ್ನುವವರನ್ನು ತಡೆಯಬೇಡಿ, ಅವರಿಗೂ ಆಧಾರವಿದೆ. ಎಂಟನೆಯ ದಿನ ಹಬ್ಬದ ಸಂತೋಷಕ್ಕಾಗಿ ನೆನೆಸಬಹುದು. ಆ ಎಂಟನೆಯ ದಿನ ಇಸ್ರೇಲಿನ ಹೊರಗೆ ಮಾತ್ರ ಇದೆ, ರಬ್ಬಿಗಳ, ಅಂದರೆ ಧರ್ಮಗುರುಗಳ, ವಿಧಿಯಿಂದ ಬಂದದ್ದು, ಮೂಲ ಧರ್ಮಗ್ರಂಥವಾದ ತೋರಾದ ನೇರ ಆಜ್ಞೆಯಲ್ಲ.

ಇಂದಿಗೂ ಛಬಾದ್ ಮನೆಗಳಲ್ಲಿ ಪೆಸಖ್ ಊಟದ ಮೇಜಿನ ಮೇಲೆ ಮಟ್ಸಾ ಮುಚ್ಚಿಟ್ಟು, ಸಾರಿನ ಬಟ್ಟಲಿನಿಂದ ದೂರ ಇಡುವುದು ಇದೇ ಕಾರಣಕ್ಕೆ. ಎಂಟನೆಯ ದಿನ ಅದೇ ಮಟ್ಸಾ ಸಾರಿನೊಳಗೆ.

ಅಲಗು
ಚೂರಿಯ ವಿವಾದವನ್ನು ಬಿಟ್ಟರೆ ಚಿತ್ರ ಪೂರ್ತಿಯಾಗದು. ಮಾಂಸ ಕೊಶೆರ್, ಅಂದರೆ ತಿನ್ನಲು ಅರ್ಹ, ಆಗಬೇಕಾದರೆ ಶೋಖೇತ್ ಎಂಬ ತರಬೇತಾದ ವಧಕ ಶ್ವಾಸನಾಳ, ಅನ್ನನಾಳಗಳನ್ನು ಕೊಯ್ಯಬೇಕು. ಐದು ದೋಷಗಳಲ್ಲಿ ಯಾವುದು ತಾಗಿದರೂ ಮಾಂಸ ನಿಷಿದ್ಧ: ನಡುವೆ ನಿಲ್ಲಿಸುವುದು, ಒತ್ತುವುದು, ಅಲಗು ಮರೆಯಾಗುವುದು, ತಪ್ಪು ಜಾಗದಲ್ಲಿ ಕೊಯ್ಯುವುದು, ನಾಳ ಹರಿಯುವುದು. ಚೂರಿಯಲ್ಲಿ ಕೂದಲೆಳೆಯಷ್ಟೂ ಚಕ್ಕೆ ಇರಕೂಡದು. ಬೆರಳಿನ ಮಾಂಸದ ಮೇಲೂ ಉಗುರಿನ ಮೇಲೂ, ಅಲಗಿನ ತುದಿ ಮತ್ತು ಎರಡು ಪಕ್ಕ, ಹೋಗುತ್ತ ಒಮ್ಮೆ ಬರುತ್ತ ಒಮ್ಮೆ: ಒಟ್ಟು 12 ಸಲ ಸವರಿ ನೋಡಬೇಕು.

ಹಳೆಯ ಬಡಿದ ಕಬ್ಬಿಣದ ಚೂರಿಯಲ್ಲಿ ಹರಿತ ಮತ್ತು ನುಣುಪು ಒಟ್ಟಿಗೆ ಕೂಡಿಬರುವುದು ಕಷ್ಟ. ಹರಿತ ಮಾಡಲು ಹೋದರೆ ಚಕ್ಕೆ ಏಳುತ್ತದೆ, ಚಕ್ಕೆ ತೆಗೆಯಲು ನುಣ್ಣಗೆ ಉಜ್ಜಿದರೆ ಮೊಂಡಾಗುತ್ತದೆ. ಮೊಂಡು ಚೂರಿ ಹಿಡಿದವನು ತನಗೆ ಗೊತ್ತಿಲ್ಲದೆ ಒತ್ತುತ್ತಾನೆ, ಒತ್ತುವುದೇ ದೋಷ. ಹಸೀದಿಗಳು ಸಾಣೆ ಹಿಡಿದು ಹೊಳಪಿಸಿದ ಉಕ್ಕಿನ ಚೂರಿ ತಂದರು. 1772ರಲ್ಲಿ ಬ್ರೋಡಿ ನಗರದವರು ಅದನ್ನು ಬಹಿಷ್ಕರಿಸಿದರು. ಶ್ನೇಯೂರ್ ಜಲ್ಮಾನ್ ಸಮರ್ಥಿಸಿ ಬರೆದದ್ದು ಮೇಲೆ ಹೇಳಿದ ಇದೇ ತರ್ಕದ ಮೇಲೆ: ಹರಿತವೂ ಬೇಕು, ನುಣುಪೂ ಬೇಕು, ಎರಡೂ ಹೊಳಪಿಸಿದ ಚೂರಿಯಲ್ಲಿ ಸಲೀಸಾಗಿ ಸಿಗುತ್ತವೆ.

ಹೊಳೆಸಾಲು
ಚೂರಿ ಉತ್ತಮವಾಗಿದ್ದರೆ ಬಹಿಷ್ಕಾರ ಏಕೆ?

ಕಲ್ಲುಬಾಗಿಲು
ಚೂರಿಯೇ ಅಶುದ್ಧ ಎನ್ನುವುದು ಆಕ್ಷೇಪದ ತಿರುಳಲ್ಲ. ಊರ ಸಮುದಾಯಕ್ಕೆ ಮಾಂಸದ ತೆರಿಗೆಯಿಂದ ಆದಾಯ ಬರುತ್ತಿತ್ತು, ಶೋಖೇತನ ನೇಮಕ ಅದರ ಕೈಯಲ್ಲಿತ್ತು. ಊರ ಚೂರಿಯ ಮಾಂಸ ತಿನ್ನುವುದಿಲ್ಲ ಎಂದು ಒಂದು ಗುಂಪು ಹೊರಟರೆ ಆದಾಯವೂ ಹೋಯಿತು, ಒಟ್ಟಿಗೆ ಉಣ್ಣುವ ಪಂಕ್ತಿಯೂ ಮುರಿಯಿತು. ಅದಕ್ಕೆ ಅಷ್ಟು ಕಾವು.

ವಿಲ್ನಾದ ಗಾವೋನ್ (ಮಹಾಪಂಡಿತ) ಎಲಿಯಾಹು ಅವರ ಹೆಸರಿನ ಬಲದಲ್ಲಿ 1772ರಲ್ಲೂ 1781ರಲ್ಲೂ ಹಸೀದಿಗಳ ಮೇಲೆ ಬಹಿಷ್ಕಾರ ಬಿತ್ತು. ಮಾತಾಡಿ ಬಗೆಹರಿಸೋಣ ಎಂದು ಶ್ನೇಯೂರ್ ಜಲ್ಮಾನ್ ತಮ್ಮ ಹಿರಿಯ ಸಂಗಾತಿ ವಿಟೆಬ್ಸ್ಕ್‌ನ ಮೆನಾಖೆಮ್ ಮೆಂಡೆಲ್ ಜೊತೆ ವಿಲ್ನಾಕ್ಕೆ ಹೋದರೂ ಗಾವೋನ್ ಮುಖ ಕೊಡಲಿಲ್ಲ. 1777ರಲ್ಲಿ ಆ ಹಿರಿಯರು ಪವಿತ್ರಭೂಮಿಗೆ ಹೊರಟುಹೋದರು. ಬೆಲಾರೂಸಿನ ಹಸೀದಿಗಳ ಭಾರ ಕ್ರಮೇಣ ಇವರ ಹೆಗಲಿಗೆ ಬಂತು. ಪವಿತ್ರಭೂಮಿಯಲ್ಲಿ ನೆಲೆಸಿದವರಿಗಾಗಿ ಇವರು ಪ್ರತಿವರ್ಷ ಹಣ ಎತ್ತಿ ಕಳಿಸುತ್ತಿದ್ದರು. ಆ ನೆಲ ಆಗ ಒಟ್ಟೋಮನ್ ತುರ್ಕರದು, ರಷ್ಯಾಕ್ಕೆ ಶತ್ರುರಾಜ್ಯ. ವಿರೋಧಿಗಳು ದೂರು ಕೊಟ್ಟರು. 1798ರಲ್ಲಿ ಬಂಧನ, ಸೇಂಟ್ ಪೀಟರ್ಸ್‌ಬರ್ಗಿನ ಪೆಟ್ರೊಪಾವ್ಲೊವ್ಸ್ಕ್ ಕೋಟೆ. ಆ ವರ್ಷ ಕಿಸ್ಲೇವ್ ತಿಂಗಳ 19ಕ್ಕೆ ಬಿಡುಗಡೆ. ಛಬಾದ್ ಇವತ್ತಿಗೂ ಆ ದಿನವನ್ನು ಹಬ್ಬವಾಗಿ ಆಚರಿಸುತ್ತದೆ. 1800ರಲ್ಲಿ ಮತ್ತೆ ಬಂಧನವಾಯಿತು. ಬಿಡುಗಡೆಯ ನಂತರ ಲಿಯಾದಿಗೆ ಬಂದು ನೆಲೆಸಿದರು. ಹೆಸರಿಗೆ ಅಂಟಿಕೊಂಡ ಊರು ಅದೇ.

ಸಂಜೆಮುಗಿಲು
ತಿದ್ದುತ್ತಲೇ ಹೋದರು ಎಂದು ಮೇಲೆ ಬಂತಲ್ಲ, ಅದಕ್ಕೆ ಅತಿ ಗಂಭೀರ ಉದಾಹರಣೆ ಸೂರ್ಯಾಸ್ತ.

ಯಹೂದಿ ದಿನ ಸಂಜೆಗೆ ಶುರು. ಶುಕ್ರವಾರ ಸಂಜೆ ಯಾವ ಗಳಿಗೆಯಿಂದ ಕೆಲಸ ನಿಲ್ಲಬೇಕು? ಎರಡು ಹಳೆಯ ಮತಗಳಿವೆ. ಹನ್ನೆರಡನೆಯ ಶತಮಾನದ ಫ್ರಾನ್ಸಿನ ರಬ್ಬೇನು ತಾಮ್ ಪ್ರಕಾರ ಸೂರ್ಯ ಕಣ್ಮರೆಯಾದ ಮೇಲೂ ಬಹಳ ಹೊತ್ತು ಹಗಲೇ. ರಾತ್ರಿ ಆಗುವುದು ನಾಲ್ಕು 'ಮಿಲ್' ದೂರ ನಡೆಯುವಷ್ಟು ಹೊತ್ತಾದ ಮೇಲೆ, ಮಿಲ್‌ಗೆ 18 ನಿಮಿಷ ಹಿಡಿದರೆ 72 ನಿಮಿಷ. ಬಾಬಿಲೋನಿನ ಗೆಓನಿಮ್ ಎಂಬ ಹಳೆಯ ಪಂಡಿತರ ಪ್ರಕಾರ ಸೂರ್ಯ ಮುಳುಗುತ್ತಲೇ ಸಂದಿಗ್ಧ ಕಾಲ ಶುರು, ತುಸು ಹೊತ್ತಿಗೆ ರಾತ್ರಿ.

ಸಂಹಿತೆಯಲ್ಲಿ ಶ್ನೇಯೂರ್ ಜಲ್ಮಾನ್ ಹಿಡಿದದ್ದು ಮೊದಲ ಮತ. ನಂತರ 1803ರಲ್ಲಿ ಅಚ್ಚಾದ ಅವರ ಸಿದ್ದುರ್, ಅಂದರೆ ಪ್ರಾರ್ಥನಾ ಪುಸ್ತಕ, ಶಬ್ಬಾತ್ ಆರಂಭದ ಭಾಗದಲ್ಲಿ ಎರಡನೆಯ ಮತಕ್ಕೆ ತಿರುಗುತ್ತದೆ. ಅಷ್ಟೇ ಅಲ್ಲ, ಸೂರ್ಯಾಸ್ತದಲ್ಲೇ ಎರಡು ಬಗೆ ಗುರುತಿಸುತ್ತಾರೆ: ಕಣ್ಣಿಗೆ ಕಾಣುವ ಅಸ್ತ, ಮತ್ತು ಎತ್ತರದ ಬೆಟ್ಟದ ತುದಿಯಿಂದಲೂ ಬೆಳಕು ಹೋದಾಗಿನ 'ನಿಜವಾದ ಅಸ್ತ'. ನಡುವಿನ ಅಂತರ ಸುಮಾರು 4 ನಿಮಿಷ.

ಸಂಹಿತೆ ಮಾತ್ರ ಓದಿ ಸಿದ್ದುರ್ ನೋಡದವನು ಸೂರ್ಯ ಮುಳುಗಿ ಅರ್ಧ ಗಂಟೆಯಾದ ಮೇಲೂ ದೀಪ ಹಚ್ಚಬಹುದು ಎಂದುಕೊಳ್ಳುತ್ತಾನೆ. ಅದೇ ಲೇಖಕರ ನಂತರದ ತೀರ್ಪಿನಂತೆ ಆಗ ಶಬ್ಬಾತ್ ಮುರಿದಂತೆ. ತೋರಾದ ನೇರ ನಿಷೇಧವಾದ್ದರಿಂದ ಇದನ್ನು ಸಣ್ಣ ವ್ಯತ್ಯಾಸ ಎನ್ನಲಾಗದು. ಬೆಲಾರೂಸ್ ಉತ್ತರಕ್ಕಿರುವ ನಾಡು, ಬೇಸಗೆಯ ಮುಸ್ಸಂಜೆ ಬಹಳ ಉದ್ದ. ಅಲ್ಲಿ ಕುಳಿತು ಈ ಲೆಕ್ಕ ಬಿಡಿಸುವುದು ಇನ್ನೂ ಕಷ್ಟ.

ಅಲಗು
ಸಿದ್ದುರ್ ಪ್ರಾರ್ಥನೆಯ ಪುಸ್ತಕ. ತೀರ್ಪಿಗೆ ಸಂಹಿತೆಯೇ ದೊಡ್ಡದಲ್ಲವೇ? ಎಷ್ಟೆಂದರೂ ವಾದ-ಪ್ರತಿವಾದ ಇರುವುದು ಅಲ್ಲಿ.

ಸಂಜೆಮುಗಿಲು
ಛಬಾದ್ ಪರಂಪರೆ ಇಲ್ಲಿ ಸ್ಪಷ್ಟ: ನಂತರ ಹೇಳಿದ್ದೇ ಪ್ರಮಾಣ. ಸಂಹಿತೆಯ ಬಹುಭಾಗ ಯೌವನದ ಕೆಲಸ. ಅದರಲ್ಲಿ ಅವರೇ ಒಂದು ಸೂತ್ರ ಕೊಟ್ಟಿದ್ದಾರೆ, ಕಬ್ಬಾಲಾ ಎಂಬ ಅನುಭಾವ ವಿದ್ಯೆಯವರಿಗೂ ಕಾನೂನಿನವರಿಗೂ ಭಿನ್ನಾಭಿಪ್ರಾಯ ಬಂದರೆ ಕಾನೂನಿನವರ ಮಾತು ಹಿಡಿಯಬೇಕು ಎಂದು. ಸಿದ್ದುರ್ ಹೊತ್ತಿಗೆ ಕಬ್ಬಾಲಾದ ತೂಕ ಹೆಚ್ಚಿದೆ, ಜೊತೆಗೆ ಹಿಂದಿನ ವ್ಯಾಖ್ಯಾನಕಾರರ ಮಾತನ್ನು ಹಾಗೇ ಒಪ್ಪದೆ ತಾವೇ ತೂಗಿ ನೋಡುವುದೂ ಹೆಚ್ಚಿದೆ. ಆಹಾರದ ಮುನ್ನ ಹೇಳುವ ಆಶೀರ್ವಚನಗಳ ನಿಯಮ ಅವರು ಮತ್ತೆ ಬರೆದಾಗಲೂ ಹೀಗೇ ಕೆಲವು ತೀರ್ಪು ಬದಲಾದವು. ಒಬ್ಬ ನಿರ್ಣಾಯಕ ತನ್ನ ಹಳೆಯ ಮಾತಿಗೆ ಕಟ್ಟುಬೀಳದಿರುವುದು ಅವರ ದೊಡ್ಡತನ ಎಂದೇ ನನ್ನ ಅಭಿಪ್ರಾಯ.

ತಾಳೆಗರಿ
ಆದರೆ ಛಬಾದ್ ಹೊರಗಿನವರು ಬಹುಮಟ್ಟಿಗೆ ಸಂಹಿತೆಯನ್ನೇ ಉಲ್ಲೇಖಿಸುತ್ತಾರೆ, ಸಿದ್ದುರನ್ನು ಕಡಿಮೆ. ಅಲಗು ಅವರ ಮಾತಿಗೆ ಅಷ್ಟರ ಮಟ್ಟಿಗೆ ಬೆಲೆ ಇದೆ. ಒಂದೇ ಲೇಖಕ, ಎರಡು ಓದುಗವರ್ಗ.

ಪ್ರಕಟಣೆಯ ವಿಷಯದಲ್ಲಿ ತಿದ್ದಿದ್ದಕ್ಕೆ ಕಲ್ಲುಬಾಗಿಲು ಅವರಿಗೆ ಧನ್ಯವಾದ.

ಈಗ ಹಣದ ವಿಚಾರ. ಯಹೂದಿಗಳು ಪರಸ್ಪರ ಬಡ್ಡಿ ತೆಗೆದುಕೊಳ್ಳುವಂತಿಲ್ಲ. ವ್ಯಾಪಾರ ನಡೆಯಬೇಕಲ್ಲ? ಅದಕ್ಕೆ 'ಹೆತೇರ್ ಇಸ್ಕಾ' ಎಂಬ ಪಾಲುಗಾರಿಕೆಯ ಪತ್ರ ಇವರಿಗಿಂತ ಮೊದಲೇ ಇತ್ತು. ಇವರು ಬಡ್ಡಿಯ ನಿಯಮಗಳನ್ನು ಬಿಡಿಸಿ, ಪತ್ರದ ಒಕ್ಕಣೆಯನ್ನೂ ಕೊಟ್ಟರು. ಕೆಲಸ ಮಾಡುವ ಬಗೆ ಹೀಗೆ: 1000 ರೂಬಲ್ ಕೊಟ್ಟರೆ 500 ಸಾಲ, 500 ವ್ಯಾಪಾರಕ್ಕಿಟ್ಟ ಠೇವಣಿ ಎಂದು ಹಿಡಿಯಿರಿ. ಸಾಲವಾದ ಅರ್ಧದ ಲಾಭ-ನಷ್ಟ ಪಡೆದವನದು, ಠೇವಣಿಯಾದ ಅರ್ಧದ್ದು ಕೊಟ್ಟವನದು. ಲೆಕ್ಕಕ್ಕೆ ಪ್ರಮಾಣ ಮಾಡಿಸಬೇಕಾಗಿ ಬರುವ ತೊಡಕು ತಪ್ಪಿಸಲು, ಇಷ್ಟು ಮೊತ್ತ ಕೊಟ್ಟರೆ ಮುಂದಿನದು ಕೇಳುವುದಿಲ್ಲ ಎಂದು ಮೊದಲೇ ಒಪ್ಪಂದ.

ಜನ ಎಡವುವುದು ಒಂದೇ ಕಡೆ. ಠೇವಣಿ ನೋಡಿಕೊಂಡದ್ದಕ್ಕೆ ಪಡೆದವನಿಗೆ ಕೂಲಿ ಎಂದು ಅಲ್ಪವಾದರೂ ಕೊಡಬೇಕು. ಮರೆತರೆ, ಸಾಲ ಸಿಕ್ಕಿತೆಂಬ ಕಾರಣಕ್ಕೆ ಅವನು ಬಿಟ್ಟಿ ದುಡಿದಂತಾಯಿತು. ಆ ಬಿಟ್ಟಿ ದುಡಿಮೆಯೇ ಬಡ್ಡಿ.

ಗೋಧಿತೆನೆ
ಪೆಸಖ್ ಮುನ್ನ ಹಮೇಟ್ಸ್ ಮಾರುವ ಪತ್ರದಲ್ಲೂ ಇದೇ ಸೂಕ್ಷ್ಮ. ಹುಳಿಧಾನ್ಯ, ಮದ್ಯದ ದಾಸ್ತಾನು ಎಲ್ಲ ಯಹೂದಿಯಲ್ಲದವನಿಗೆ ಮಾರುತ್ತಾರೆ. ಅವನು ಮುಂಗಡ ಮಾತ್ರ ಕೊಡುತ್ತಾನೆ, ಬಾಕಿ ಸಾಲ. ಬಾಕಿಗೆ ಆ ಸರಕೇ ಅಡವಿನಂತೆ ನಿಂತರೆ ಮಾರಿದವನ ಹಿಡಿತ ಇನ್ನೂ ಬಿಟ್ಟಿಲ್ಲ. ಆದ್ದರಿಂದ ಶ್ನೇಯೂರ್ ಜಲ್ಮಾನ್ ತಮ್ಮ ಪತ್ರದಲ್ಲಿ 'ಆರೇವ್ ಕಬ್ಲಾನ್' ಎಂಬ ಜಾಮೀನುದಾರನನ್ನು ಸೇರಿಸಿದರು. ಬಾಕಿಯ ಹೊಣೆ ಅವನು ಹೊರುತ್ತಾನೆ, ಮಾರಿದವನು ಕೇಳಬೇಕಾದದ್ದು ಅವನನ್ನು. ಸರಕಿನ ಮೇಲೆ ಹಕ್ಕು ಪೂರ್ತಿ ಕಡಿಯಿತು. ಛಬಾದ್ ರಬ್ಬಿಗಳು ಈಗಲೂ ಜಾಮೀನುದಾರನಿಟ್ಟೇ ಮಾರುತ್ತಾರೆ.

ಸಮಯ ತಪ್ಪಿದರೆ ಮಾರಾಟ ನಿಷ್ಫಲ. ನಮ್ಮಲ್ಲಿ ರಾಹುಕಾಲಕ್ಕೆ ಹಗಲನ್ನು ಎಂಟು ಪಾಲು ಮಾಡುವ ಹಾಗೆ ಇಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತಕ್ಕೆ ಹನ್ನೆರಡು ಪಾಲು. 6ಕ್ಕೆ ಹುಟ್ಟಿ 7ಕ್ಕೆ ಮುಳುಗಿದರೆ ಪಾಲಿಗೆ 65 ನಿಮಿಷ. ನಾಲ್ಕನೆಯ ಪಾಲು ಮುಗಿಯುವ 10:20ಕ್ಕೆ ತಿನ್ನುವುದು ನಿಲ್ಲಬೇಕು. ಐದನೆಯದು ಮುಗಿಯುವ 11:25ರೊಳಗೆ ಮಾರಿರಬೇಕು ಇಲ್ಲವೇ ಸುಟ್ಟಿರಬೇಕು.

ಅಲಗು
ಎರಡು ಗುಂಡಿಗಳನ್ನು ಒಂದರ ಮೇಲೊಂದು ಕಟ್ಟುವ ಮಿಕ್ವೆ, ಅಂದರೆ ಶುದ್ಧಿಸ್ನಾನದ ಕೊಳ, ಅದೂ ಇವರ ವಿನ್ಯಾಸವೇ ಅಲ್ಲವೇ?

ಕಲ್ಲುಬಾಗಿಲು
ಅಲ್ಲ. ಅದು ಛಬಾದಿನ ಐದನೆಯ ರೆಬ್ಬೆ, ಅಂದರೆ ಪಂಥದ ಗುರು, ಶಾಲೋಮ್ ದೋವ್‌ಬೇರ್ ಅವರದು, ನೂರು ವರ್ಷ ಆಚೆಯ ಮಾತು. ಛಬಾದ್ ಪದ್ಧತಿ ಎಂದದ್ದೆಲ್ಲ ಮೊದಲ ರೆಬ್ಬೆಯ ತೀರ್ಪಲ್ಲ, ಈ ಬೆರಕೆ ಬಹಳ ಕಡೆ ಕಾಣುತ್ತದೆ.

ತಾಳೆಗರಿ
ಮೂಲ ಪ್ರಶ್ನೆಗೆ, ಹಸೀದಿಗಳಲ್ಲದವರ ಮೇಲೆ ಪ್ರಭಾವಕ್ಕೆ ಮೂರು ಸಾಕ್ಷಿ. 1864ರಲ್ಲಿ ಬಂದ ಶ್ಲೊಮೊ ಗಾಂಜ್‌ಫ್ರೀಡ್ ಅವರ 'ಕಿತ್ಸೂರ್ ಶುಲ್ಹಾನ್ ಆರುಖ್' ಮನೆಮನೆಯ ಕೈಪಿಡಿ. ಅವರು ತೂಗಿ ನೋಡಿದ ಮೂವರು ನಿರ್ಣಾಯಕರಲ್ಲಿ ಇವರೊಬ್ಬರು. ಮೂವರಲ್ಲಿ ಬಹುಮತ ಎತ್ತ ಇದ್ದರೆ ತೀರ್ಪು ಅತ್ತ. ರಾದಿನ್‌ನ ಯಿಸ್ರಾಯೆಲ್ ಮೇಯಿರ್ ಕಾಗನ್ ಹಸೀದಿಯಲ್ಲ, ಆದರೂ ಅವರ 'ಮಿಶ್ನಾ ಬೆರೂರಾ'ದಲ್ಲಿ ಇವರ ಹೆಸರು ಮತ್ತೆ ಮತ್ತೆ ಬರುತ್ತದೆ. ಬಾಗ್ದಾದಿನ ಯೋಸೆಫ್ ಹಾಯಿಂ ಕೂಡ ಇವರನ್ನು ಬಹಳ ನೆಚ್ಚಿದರು. ಮುಂಬೈ, ಕೋಲ್ಕತ್ತದ ಬಾಗ್ದಾದಿ ಯಹೂದಿಗಳು ಕಾನೂನಿಗೆ ಬಾಗ್ದಾದಿನ ಕಡೆ ನೋಡುತ್ತಿದ್ದವರು. ಹಾಗೆ ನಾರಿಮನ್ ಹೌಸ್‌ಗಿಂತ ಎಷ್ಟೋ ಮುಂಚೆ, ಬೇರೆ ದಾರಿಯಲ್ಲಿ, ಲಿಯಾದಿಯ ತರ್ಕ ಭಾರತಕ್ಕೂ ತಲುಪಿರಬೇಕು.

ಹೊಳೆಸಾಲು
ಇಷ್ಟು ಖಚಿತ ಕಾನೂನುಗಾರ 'ತಾನ್ಯಾ' ಬರೆದದ್ದು ಹೇಗೆ ಹೊಂದುತ್ತದೆ?

ಕಲ್ಲುಬಾಗಿಲು
ಅದೂ ಒಂದು ಆಡಳಿತದ ತೊಡಕಿಗೆ ಉತ್ತರವೇ. ಲಿಯೋಜ್ನಾಕ್ಕೆ ಜನ ನುಗ್ಗತೊಡಗಿದರು. ಯಾರು ಯಾವಾಗ ಬರಬಹುದು ಎಂದು ಕಟ್ಟಳೆ ಮಾಡಿದರು, ಹೊಸಬರಿಗೆ ಖಾಸಗಿ ಭೇಟಿಯಲ್ಲಿ ಆದ್ಯತೆ. ವ್ಯಾಪಾರ, ಕಾಯಿಲೆ ಎಂದು ಲೌಕಿಕ ಸಲಹೆ ಕೇಳಬೇಡಿ, ಹಿಂದಿನ ಜ್ಞಾನಿಗಳಲ್ಲಿ ಈ ಪದ್ಧತಿ ಎಲ್ಲಿತ್ತು ಎಂದು ನೊಂದು ಬರೆದ ಕಾಗದ 'ಇಗ್ಗೆರೆತ್ ಹಾಕೋದೆಶ್' ಸಂಗ್ರಹದ 22ನೆಯದು. ಒಬ್ಬೊಬ್ಬರಿಗೂ ಉತ್ತರಿಸಲು ಹೊತ್ತಿಲ್ಲ, ಅದಕ್ಕೆ ಉತ್ತರಗಳನ್ನು ಪುಸ್ತಕ ಮಾಡಿದ್ದೇನೆ ಎಂದು ತಾನ್ಯಾದ ಮುನ್ನುಡಿಯಲ್ಲೇ ಹೇಳುತ್ತಾರೆ. 1796ರಲ್ಲಿ ಸ್ಲಾವುತಾದಲ್ಲಿ ಅಚ್ಚಾಯಿತು. ಮೊದಲ ಭಾಗ 53 ಅಧ್ಯಾಯ. ಅದರ ನಾಯಕ ಸಂತನಲ್ಲ, 'ಬೇನೋನಿ', ನಡುವಿನವನು: ಕೆಟ್ಟ ಆಸೆ ಒಳಗೆ ಸಾಯದಿದ್ದರೂ ನಡೆ, ನುಡಿ, ಯೋಚನೆಗೆ ಅದನ್ನು ಇಳಿಯಗೊಡದವನು. ನಡೆಯ ಮೇಲೆ ಇಷ್ಟು ಒತ್ತು ಕೊಟ್ಟದ್ದು ಕಾನೂನುಗಾರನ ಕಣ್ಣು ಎನಿಸುತ್ತದೆ.

1812ರಲ್ಲಿ ನೆಪೋಲಿಯನ್ ದಂಡೆತ್ತಿ ಬಂದಾಗ ರಷ್ಯಾದ ತ್ಸಾರನ ಪಕ್ಷ ಹಿಡಿದು, ಕುಟುಂಬದೊಡನೆ ಊರು ಬಿಟ್ಟರು. ಆ ಚಳಿಗಾಲದಲ್ಲಿ ಕುರ್ಸ್ಕ್ ಸೀಮೆಯ ಪೇನಾ ಹಳ್ಳಿಯಲ್ಲಿ ತೀರಿಕೊಂಡರು. ಸಮಾಧಿ ಉಕ್ರೇನಿನ ಹಾದಿಯಾಚ್‌ನಲ್ಲಿ. ಮಗ ದೋವ್ ಬೇರ್ 1813ರಲ್ಲಿ ಲುಬಾವಿಚ್‌ಗೆ ಹೋದರು. 'ಲುಬಾವಿಚ್' ಎಂಬ ಹೆಸರು ಪಂಥಕ್ಕೆ ಸೇರಿದ್ದು ಹಾಗೆ.

ಹೊಳೆಸಾಲು
ಸೂರ್ಯಾಸ್ತದ ಬಗ್ಗೆ ಕೊನೆಯ ಪ್ರಶ್ನೆ. ಶುಕ್ರವಾರ ಸೂರ್ಯ ಮುಳುಗಿ 20 ನಿಮಿಷಕ್ಕೆ ಲಿಯಾದಿಯಲ್ಲಿ ಗಂಡುಮಗು ಹುಟ್ಟಿದರೆ, ಎಂಟನೆಯ ದಿನದ ಸುನ್ನತಿ ಯಾವಾಗ?

ಸಂಜೆಮುಗಿಲು
ಸಂಹಿತೆಯ ಮತದಂತೆ ಆಗ ಇನ್ನೂ ಶುಕ್ರವಾರ. ಸುನ್ನತಿ ಮುಂದಿನ ಶುಕ್ರವಾರ.

ಸಿದ್ದುರ್ ಪ್ರಕಾರ ಅದು ಮುಸ್ಸಂಜೆಯ ಸಂದಿಗ್ಧ ಕಾಲ. ಮುಂದಿನ ಶುಕ್ರವಾರ ಮಾಡಿದರೆ ಅದು ಏಳನೆಯ ದಿನವಾಗಿರಬಹುದು, ಅವಧಿಗೆ ಮುನ್ನ ಮಾಡಿದ್ದು ಸಲ್ಲದು. ಶನಿವಾರ ಮಾಡೋಣವೆಂದರೆ ಅದು ಒಂಬತ್ತನೆಯ ದಿನವಾಗಿರಬಹುದು. ಖಚಿತ ಎಂಟನೆಯ ದಿನಕ್ಕೆ ಮಾತ್ರ ಶಬ್ಬಾತ್ ದಾರಿ ಬಿಡುತ್ತದೆ, ಸಂದೇಹಕ್ಕೆ ಬಿಡುವುದಿಲ್ಲ. ಆದ್ದರಿಂದ ಭಾನುವಾರ.